ಮೂವತ್ತೊಂದನೇ ನಂಬರಿನ ಗೊರಸು

ಕುದುರೆ ಸತ್ತರೆ ಸರ್ಕಾರ ಪುರಾವೆ ಕೇಳುತ್ತದೆ. ಸವಾರ ಸತ್ತರೆ, ಯಾರಾದರೊಬ್ಬರು ‘ಸತ್ತ’ ಎಂದರೆ ಸಾಕು. ಇಪ್ಪತ್ನಾಲ್ಕು ವರ್ಷ ರಾಣಿಯ ಕುದುರೆ ಪಡೆಯಲ್ಲಿ ದುಡಿದು ನಾನು ಕಲಿತದ್ದು ಇಷ್ಟೇ. ಉಳಿದದ್ದೆಲ್ಲ ಲದ್ದಿ ಬಾಚುವುದು, ಕುದುರೆಯ ಮೈ ಉಜ್ಜುವುದು, ಕೋಟಿನ ಗುಂಡಿಗೆ ಹೊಳಪು ಕೊಡುವುದು. ಹೆಂಡದಂಗಡಿಯಲ್ಲಿ ಈಗಿನ ಸಿಪಾಯಿಗಳು ಒಂದು ಲೋಟ ಬಿಯರ್ ಕೊಡಿಸಿ, “ತಾತ, ಕ್ರೈಮಿಯಾ ಯುದ್ಧದ ಕತೆ ಹೇಳು” ಎನ್ನುತ್ತಾರೆ. ನಾನು ಫಿರಂಗಿ, ಹೊಗೆ, ಕಹಳೆ ಎಂದು ಏನೇನೋ ಬಿಡುತ್ತೇನೆ. ಬಿಟ್ಟಿ ಬಿಯರಿಗೆ ಅಷ್ಟು ಸಾಕು. ಈಗ ಹೇಳಹೊರಟ ಈ ಕತೆಯನ್ನು ಮಾತ್ರ ಅವರಿಗೆ ಹೇಳಿಲ್ಲ.

ನನ್ನ ಹೆಸರು ಅಮೋಸ್ ಪೆಂಗೆಲ್ಲಿ. ಪಡೆಯಲ್ಲಿ ಲಾಳದ ಸಾರ್ಜೆಂಟ್ ಆಗಿದ್ದೆ. ನಮ್ಮಲ್ಲಿ ಪ್ರತಿ ಕುದುರೆಗೂ ಒಂದು ನಂಬರು. ಲಾಳ ಕಟ್ಟುವಾಗ ಕಾದ ಕಬ್ಬಿಣದಿಂದ ಅದನ್ನು ಮುಂಗಾಲಿನ ಗೊರಸಿನ ಮೇಲೆ ಸುಟ್ಟು ಬರೆಯುವುದು ನನ್ನ ಕೆಲಸ. ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುತ್ತದೆ, ನಂಬರು ಸವೆದುಹೋಗುತ್ತದೆ, ಮತ್ತೆ ಬರೆಯಬೇಕು. ಕುದುರೆ ಯುದ್ಧದಲ್ಲಿ ಬಿದ್ದರೆ ಆ ಗೊರಸನ್ನು ಕಡಿದು ತಂದು ಉಗ್ರಾಣದ ಅಧಿಕಾರಿಯ ಮೇಜಿನ ಮೇಲೆ ಇಡಬೇಕು. ತರದಿದ್ದರೆ ಯಾವನೋ ಕುದುರೆಯನ್ನು ಮಾರಿಕೊಂಡು ನುಂಗಿದ ಎಂದು ಲೆಕ್ಕ. ಅದಕ್ಕೆಂದೇ ನಮಗೊಂದು ಕೊಡಲಿ ಕೊಟ್ಟಿದ್ದರು. ಅದರ ಒಂದು ಬದಿ ಮೊಳೆಯ ಹಾಗೆ ಚೂಪು, ನರಳುವ ಕುದುರೆಯ ಹಣೆಗೆ. ಇನ್ನೊಂದು ಬದಿ ಅಲಗು, ಗೊರಸಿಗೆ.

ನನ್ನ ಗೆಳೆಯ ಸೈಲಸ್ ಬ್ರಾಕ್‌ನ ಕುದುರೆಯ ನಂಬರು ಮೂವತ್ತೊಂದು. ಕಂದು ಬಣ್ಣದ ಹೆಣ್ಣುಕುದುರೆ, ಹೆಸರು ಪಾಲಿ.

ಸೈಲಸ್ ಮತ್ತು ನಾನು ಒಂದೇ ದಿನ, ಒಂದೇ ಹೆಂಡದಂಗಡಿಯಲ್ಲಿ, ಒಂದೇ ಸಾರ್ಜೆಂಟಿನ ಮಾತಿಗೆ ಮರುಳಾಗಿ ಸೇರಿದವರು. ಆಗ ಇಬ್ಬರಿಗೂ ಹತ್ತೊಂಬತ್ತು. ಅವನು ಹೆಂಡದ ಪೀಪಾಯಿ ಸಾಗಿಸುವ ಗಾಡಿ ಹೊಡೆಯುತ್ತಿದ್ದ, ನಾನು ಕಮ್ಮಾರನ ಮಗ. ನೀಲಿ ಕೋಟು, ನೆಗೆಯುವ ಕುದುರೆ, ಕಿಟಕಿಯಿಂದ ಇಣುಕುವ ಹೆಣ್ಣುಗಳು ಎಂದೆಲ್ಲ ಆ ಸಾರ್ಜೆಂಟ್ ಹೇಳಿದ್ದ. ಸಿಕ್ಕಿದ್ದು ಏಳು ತಿಂಗಳು ಕಾಲೂರುವ ರಿಕಾಪಿಲ್ಲದೆ ಕುದುರೆಯ ಮೇಲೆ ಕುಲುಕಾಡಿ ತೊಡೆಯ ಚರ್ಮ ಸುಲಿಸಿಕೊಳ್ಳುವ ಭಾಗ್ಯ. ಆಮೇಲೆ ಐರ್ಲೆಂಡಿನಲ್ಲಿ ಮೂರು ವರ್ಷ. ಅಲ್ಲಿ ಬರಗಾಲದ ನಡುವೆ ಗೋಧಿ ಗಾಡಿಗಳು ಬಂದರಿಗೆ ಹೋಗುತ್ತಿದ್ದವು, ನಾವು ಕತ್ತಿ ಹಿರಿದು ಕಾವಲು. ರಸ್ತೆಯ ಎರಡೂ ಬದಿ ಮೂಳೆಯಾದ ಜನ ಸುಮ್ಮನೆ ನಿಂತು ನೋಡುತ್ತಿದ್ದರು, ಒಬ್ಬರೂ ಕಲ್ಲು ಎಸೆಯಲಿಲ್ಲ. ಎಸೆದಿದ್ದರೆ ನನಗೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಸೈಲಸ್ ಮದುವೆಯಾದದ್ದು ಕೆಜಿಯಾಳನ್ನು. ಅವಳು ನಮ್ಮ ಪಡೆಯ ಒಬ್ಬ ಕಾರ್ಪೊರಲ್‌ನ ವಿಧವೆ, ಪಡೆಯವರ ಬಟ್ಟೆ ಒಗೆಯುತ್ತಿದ್ದಳು. ಆ ಕಾರ್ಪೊರಲ್ ಕಾಲರಾದಿಂದ ಸತ್ತು ಐದೇ ವಾರಕ್ಕೆ ಮದುವೆ ನಡೆಯಿತು. ಹೊರಗಿನವರಿಗೆ ಇದು ಅಸಹ್ಯ ಅನಿಸಬಹುದು. ಬ್ಯಾರಕ್ಕಿನಲ್ಲಿ ಅದು ದಿನನಿತ್ಯದ ಮಾತು. ಗಂಡ ಸತ್ತ ಹೆಂಗಸಿಗೆ ಕೆಲವು ತಿಂಗಳು ಪಡೆಯ ರೊಟ್ಟಿ ಸಿಗುತ್ತದೆ, ಆಮೇಲೆ ಗೇಟಿನ ಹೊರಗೆ ಹೋಗು ಎನ್ನುತ್ತಾರೆ. ಹೋಗಬಾರದು ಎಂದಿದ್ದರೆ ಇನ್ನೊಬ್ಬ ರಾವುತನ ಕೈ ಹಿಡಿಯಬೇಕು. ಹೆಣ ಹೂತು ಬರುವಾಗಲೇ ಸ್ಮಶಾನದ ಬಾಗಿಲಲ್ಲಿ ಮದುವೆಗೆ ಕೇಳಿದವರನ್ನು ನಾನು ಬಲ್ಲೆ.

ಕ್ರೈಮಿಯಾಕ್ಕೆ ಹೊರಟಾಗ ಕೆಜಿಯಾ ಇಂಗ್ಲೆಂಡಿನಲ್ಲೇ ಉಳಿದಳು. ಹಡಗು ಬಿಡುವಾಗ ನನ್ನ ತೋಳು ಹಿಡಿದು, “ಅಮೋಸ, ಅವನಿಗೆ ಏನಾದ್ರೂ ಆದ್ರೆ ನೀನೇ ಬಂದು ಹೇಳ್ಬೇಕು. ಕಾಗದ ಬರ್ಸಿ ಕಳಿಸ್ಬೇಡ” ಎಂದಳು. ಆಗಲಿ ಎಂದೆ.

ಆ ಶರತ್ಕಾಲದ ಒಂದು ಬೆಳಿಗ್ಗೆ ನಮ್ಮನ್ನು ರಷ್ಯನ್ನರ ಫಿರಂಗಿಯ ಬಾಯಿಗೆ ಕಳಿಸಿದರು. ಯಾರ ತಲೆಗೆ ಹೊಳೆದ ಬುದ್ಧಿಯೋ ದೇವರಿಗೇ ಗೊತ್ತು. ಹೋದದ್ದು ನೂರಾ ಇಪ್ಪತ್ತು ಕುದುರೆ, ಸಾಲಿಗೆ ವಾಪಸು ಬಂದದ್ದು ಮೂವತ್ತೆಂಟು. ಸಂಜೆ ನಾಲ್ಕರ ಹೊತ್ತಿಗೆ ಉಗ್ರಾಣದ ಅಧಿಕಾರಿ ನನ್ನನ್ನು ಕರೆದು, “ಪೆಂಗೆಲ್ಲಿ, ಬೆಳಕಿರುವಾಗ್ಲೇ ಹೋಗಿ ಎಷ್ಟು ಗೊರಸು ಸಿಗುತ್ತೋ ಅಷ್ಟು ತಂದ್ಬಿಡು” ಎಂದ. ಮನುಷ್ಯರ ವಿಷಯ ಕೇಳಿದೆ. “ಅದನ್ನ ವೈದ್ಯರ ಕಡೆಯವ್ರು ನೋಡ್ಕೋತಾರೆ” ಎಂದ. ವೈದ್ಯರ ಕಡೆಯವರು ಅಂದರೆ ಎರಡು ಗಾಡಿ, ನಾಲ್ಕು ಜನ. ಅವರಾಗಲೇ ಹಿಂದಿರುಗಿಯಾಗಿತ್ತು.

ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಹೋದೆ. ಹದಿನಾಲ್ಕು ಗೊರಸು ಕಡಿದೆ. ಹದಿನೈದನೆಯದು ಪಾಲಿ. ಗುರುತು ಹಿಡಿದದ್ದು ನಂಬರಿನಿಂದ, ಮುಖ ಇರಲಿಲ್ಲ. ಅದರ ಅಡಿಯಲ್ಲಿ ಒಬ್ಬ ಬೋರಲಾಗಿ ಬಿದ್ದಿದ್ದ. ಭುಜದ ತನಕ ಕುದುರೆಯ ಕೆಳಗೆ, ತಲೆ ಕೆಸರಲ್ಲಿ. ನಮ್ಮದೇ ನೀಲಿ ಅಂಗಿ. ಮೂವತ್ತೊಂದರ ಮೇಲೆ ಸೈಲಸ್ ಅಲ್ಲದೆ ಇನ್ಯಾರು? ಕುದುರೆ ಪಡೆಯವನು ಹೆಂಡತಿಯನ್ನಾದರೂ ಮರೆತಾನು, ಕುದುರೆಯನ್ನು ಇನ್ನೊಬ್ಬನಿಗೆ ಕೊಡುವುದಿಲ್ಲ.

ಮೊಣಕಾಲೂರಿ ಗೊರಸು ಕಡಿಯುತ್ತಿದ್ದೆ. ಆಗ ಒಂದು ಕೈ ನನ್ನ ಬೂಟು ಹಿಡಿಯಿತು.

ಹಿಡಿಯಿತು ಎಂದರೆ ಗಟ್ಟಿಯಾಗಿ ಅಲ್ಲ. ಬೆರಳುಗಳು ಬಂದು ಕಾಲ್ಗಂಟಿನ ಸುತ್ತ ಕೂತವು. ಅದೇ ಹೊತ್ತಿಗೆ ಗುಡ್ಡದ ಮೇಲಿಂದ ರಷ್ಯನ್ನರು ನನ್ನ ಕಡೆ ಗುಂಡು ಹಾರಿಸಿದರು. ಎರಡು ಗುಂಡು ಕೆಸರಿಗೆ ಬಿದ್ದವು, ಒಂದು ಪಾಲಿಯ ಹೊಟ್ಟೆಗೆ. ನಾನು ಕಾಲು ಕಿತ್ತುಕೊಂಡೆ. ಗೊರಸನ್ನು ಚೀಲಕ್ಕೆ ಹಾಕಿಕೊಂಡೆ. ಓಡಿದೆ. ಗೊರಸನ್ನು ಬಿಡಲಿಲ್ಲ ನೋಡಿ, ಅದು ನನಗೆ ಇವತ್ತಿಗೂ ಅರ್ಥವಾಗುವುದಿಲ್ಲ. ಮನುಷ್ಯನನ್ನು ಬಿಟ್ಟೆ, ಗೊರಸನ್ನು ತಂದೆ.

ಮೇಜಿನ ಮೇಲೆ ಹದಿನೈದನ್ನೂ ಸಾಲಾಗಿ ಇಟ್ಟೆ. ಅಧಿಕಾರಿ ನಂಬರು ಓದುತ್ತ ಮೂವತ್ತೊಂದಕ್ಕೆ ಬಂದಾಗ, “ಸವಾರ ಬ್ರಾಕ್. ಅವನು?” ಎಂದು ಕೇಳಿದ.

“ಕುದುರೆ ಕೆಳಗೇ ಇದ್ದ, ಸಾಹೇಬ್ರೆ. ಸತ್ತಿದ್ದ” ಎಂದೆ.

ಅಷ್ಟೇ. ಬರೆದುಕೊಂಡ. ಮರುದಿನ ಆ ನೆಲ ರಷ್ಯನ್ನರ ಕೈಗೆ ಹೋಯಿತು, ಹೆಣಗಳನ್ನೆಲ್ಲ ಅವರೇ ಗುಂಡಿಗೆ ಹಾಕಿದರು. ಸೈಲಸ್ ಸತ್ತವರ ಪಟ್ಟಿಗೆ ಹೋದ. ಗೊರಸೂ ಸಿಗದ, ಹೆಣವೂ ಸಿಗದ ಇಪ್ಪತ್ತು ಮಂದಿ ಕಾಣೆಯಾದವರ ಪಟ್ಟಿಗೆ ಹೋದರು. ಅದರಲ್ಲೊಬ್ಬ ಐಸಾಕ್ ಟಪ್ಪರ್. ಮೊದಲು ನೇಕಾರನಾಗಿದ್ದವನು, ಇಪ್ಪತ್ತಾರು ತುಂಬಿದ ಮೇಲೆ ಪಡೆಗೆ ಸೇರಿದ್ದ. ಕುದುರೆಯ ಮೇಲೆ ಕೂತರೆ ಅಕ್ಕಿ ಮೂಟೆ ಇಟ್ಟ ಹಾಗಿರುತ್ತಿದ್ದ.

ಆ ಚಳಿಗಾಲ ನನ್ನ ಬಲಗಾಲಿನ ಮೂರು ಬೆರಳು ಹಿಮಕ್ಕೆ ಕಪ್ಪಾಗಿ ಉದುರಿದವು. ಮಾರ್ಚಿನಲ್ಲಿ ಇಂಗ್ಲೆಂಡಿನ ಬ್ಯಾರಕ್ಕಿಗೆ ಕಳಿಸಿದರು. ಮೊದಲ ದಿನವೇ ಬಟ್ಟೆ ಒಗೆಯುವ ಮನೆಗೆ ಹೋದೆ. ಕೆಜಿಯಾ ಕೈ ಒರೆಸಿಕೊಂಡು ಎದ್ದು ನಿಂತಳು. ಪಟ್ಟಿಯಲ್ಲಿ ಹೆಸರು ಓದಿಸಿಕೊಂಡಿದ್ದರೂ ನಂಬಿರಲಿಲ್ಲ.

“ನಿನ್ನ ಕಣ್ಣಾರೆ ನೋಡಿದ್ಯಾ ಅಮೋಸ? ಬರೀ ಕಾಣೆ ಆಗಿದ್ರೆ ಹೇಳು, ನಾನು ಕಾಯ್ತೀನಿ. ಗೇಟಿನ ಹೊರಗೆ ಹಾಕಿದ್ರೂ ಕಾಯ್ತೀನಿ.”

“ಕಣ್ಣಾರೆ ನೋಡ್ದೆ. ನನ್ನ ತೊಡೆ ಮೇಲೇ ತಲೆ ಇಟ್ಕೊಂಡಿದ್ದ. ನೋವಿರ್ಲಿಲ್ಲ. ನಿನ್ನ ಹೆಸರು ಹೇಳ್ತಾನೇ ಹೋದ” ಎಂದೆ. ಅವನ ಕಣ್ಣು ಮುಚ್ಚಿದ್ದೂ ನಾನೇ ಎಂದೆ. ಅವಳು ಬೈಬಲ್ ತಂದಳು. ಅದನ್ನು ಮುಟ್ಟಿ ಹೇಳಿದೆ.

ಮೇ ತಿಂಗಳಲ್ಲಿ ನಮ್ಮ ಮದುವೆಯಾಯಿತು. ನಾನು ಅವಳ ಮೇಲೆ ಮೊದಲೇ ಕಣ್ಣಿಟ್ಟಿದ್ದೆ ಎಂದು ಆಮೇಲೆ ಆಡಿಕೊಂಡವರಿದ್ದಾರೆ. ಅವರ ನಾಲಿಗೆಗೆ ಹುಳ ಬೀಳಲಿ. ಬೀದಿಗೆ ಬೀಳುವವಳನ್ನು ಉಳಿಸಿ, ಬೂಟು ಹಿಡಿದ ಆ ಬೆರಳುಗಳ ಋಣ ತೀರಿಸಿಕೊಳ್ಳಬಹುದು ಎಂದು ಹೊರಟೆ. ಆದರೆ ಮದುವೆಯಾದ ಮೇಲೆ ಅವಳು ನನಗೆ ಪ್ರಾಣವಾದಳು, ಅದನ್ನೂ ಮುಚ್ಚಿಡುವುದಿಲ್ಲ. ಉದ್ದನೆಯ ಬ್ಯಾರಕ್ ಕೋಣೆಯ ಮೂಲೆಯಲ್ಲಿ ಹಗ್ಗಕ್ಕೆ ಕಂಬಳಿ ಇಳಿಬಿಟ್ಟು ನಮ್ಮ ಸಂಸಾರ. ಕಂಬಳಿಯ ಆಚೆ ಇಪ್ಪತ್ತು ಗಂಡಸರು ಕೆಮ್ಮುತ್ತ, ಬೈಯುತ್ತ, ಇಸ್ಪೀಟು ಆಡುತ್ತ ಇರುತ್ತಿದ್ದರು. ಈಚೆ ಅವಳು ಪಿಸುಗುಟ್ಟಿ ನಗುತ್ತಿದ್ದಳು. ಮರುವರ್ಷದ ಜನವರಿಯ ಹೊತ್ತಿಗೆ ಅವಳು ಆರು ತಿಂಗಳ ಬಸುರಿ.

ಆ ಜನವರಿಯಲ್ಲೇ ಸುದ್ದಿ ಬಂತು. ರಷ್ಯನ್ನರು ಬಿಟ್ಟುಕೊಟ್ಟ ಸೆರೆಯಾಳುಗಳು ಹಡಗಿನಲ್ಲಿ ಬರುತ್ತಿದ್ದಾರೆ, ಅದರಲ್ಲಿ ನಮ್ಮ ಪಡೆಯವರು ಹನ್ನೊಂದು ಜನ. ಕಳಿಸಿದ್ದ ಪಟ್ಟಿಯಲ್ಲಿ ಹೆಸರುಗಳೆಲ್ಲ ರಷ್ಯನ್ ಬಾಯಲ್ಲಿ ಕಲಸಿಹೋಗಿ ಯಾರು ಯಾರೆಂದು ಯಾರಿಗೂ ತಿಳಿಯಲಿಲ್ಲ. ಹಡಗು ಬರುವ ದಿನ ಐಸಾಕನ ತಾಯಿ ಬೆಳಿಗ್ಗೆಯೇ ಬ್ಯಾರಕ್ಕಿನ ಗೇಟಿಗೆ ಬಂದಳು. ಆ ಊರಲ್ಲಿ ಒಗೆದ ಬಟ್ಟೆ ಹಿಂಡುವ ಉರುಳೆ ಯಂತ್ರ ಇಟ್ಟುಕೊಂಡಿದ್ದ ವಿಧವೆ ಆಕೆ. ಪಡೆಯ ಹೆಂಗಸರೆಲ್ಲ ಅಲ್ಲೇ ಬಟ್ಟೆ ಹಿಂಡಿಸುತ್ತಿದ್ದರು.

“ನಾನೊಬ್ಳೇ ಬಂದರಿಗೆ ಹೋಗಕ್ಕೆ ಧೈರ್ಯ ಸಾಲ್ದು ಕಣಪ್ಪ. ನೀನು ಬಾ” ಎಂದಳು. ಕೈಯಲ್ಲಿ ಮಗನ ಹಳೆಯ ಮರದಟ್ಟೆಯ ಬೂಟು. “ರಷ್ಯಾದವ್ರು ಅವನ ಬೂಟು ಕಿತ್ಕೊಂಡಿರ್ತಾರೆ. ಬರಿಗಾಲಲ್ಲಿ ಇಳಿದ್ರೆ ಜನ ನಗಲ್ವಾ?”

ಹೋದೆವು. ಹಲಗೆಯ ಮೇಲಿಂದ ಒಬ್ಬೊಬ್ಬರೇ ಇಳಿಯತೊಡಗಿದರು. ಆಕೆ ಗಟ್ಟಿಯಾಗಿ ಎಣಿಸುತ್ತಿದ್ದಳು. ಏಳನೆಯವನು ಕುರಿ ಚರ್ಮದ ಕೋಟು ಹಾಕಿದ್ದ, ಎದೆಯ ತನಕ ಗಡ್ಡ. ಅವನು ನೇರ ನನ್ನ ಹತ್ತಿರ ಬಂದು ಬೆನ್ನಿಗೊಂದು ಗುದ್ದಿದ.

“ಏನ್ಲಾ ಅಮೋಸ, ದೆವ್ವ ನೋಡ್ದಂಗೆ ನೋಡ್ತಿದೀಯ!”

ಸೈಲಸ್.

ನಿಜ ಹೇಳಬೇಕಲ್ಲ, ಮೊದಲು ಬಂದದ್ದು ಹೆದರಿಕೆಯಲ್ಲ, ಸಂತೋಷ. ಆ ಕೈ ಇವನದಲ್ಲ. ನಾನು ಬಿಟ್ಟು ಓಡಿದ್ದು ಸೈಲಸನನ್ನಲ್ಲ. ಅವನನ್ನು ತಬ್ಬಿಕೊಂಡು ಹುಚ್ಚನ ಹಾಗೆ ಅತ್ತೆ. ಅವನು ನನ್ನ ತಲೆ ಸವರಿ, “ಸಾಕು ಮಾರಾಯ, ಜನ ನೋಡ್ತವ್ರೆ” ಎಂದ.

ಅಷ್ಟರಲ್ಲಿ ಆ ತಾಯಿ ಅವನ ತೋಳು ಜಗ್ಗಿದಳು. “ಹನ್ನೊಂದೂ ಆಯ್ತಲ್ಲಪ್ಪ. ನನ್ನ ಮಗ ಒಳಗಿದಾನಾ? ಟಪ್ಪರ್. ಐಸಾಕ್ ಟಪ್ಪರ್.”

ಸೈಲಸ್ ಅವಳನ್ನು ನೋಡಿದ, ನನ್ನನ್ನು ನೋಡಿದ. “ಐಸಾಕನಾ? ಅವನು ನಿಮ್ ಜೊತೆ ವಾಪಸ್ ಬರ್ಲಿಲ್ವಾ? ಅವತ್ತು ನನ್ನ ಪಾಲಿ ಮೇಲೆ ಕೂತಿದ್ನಲ್ಲ!”

ಅವತ್ತು ಬೆಳಿಗ್ಗೆ ಏನಾಯಿತೆಂದು ಅವನು ಅಲ್ಲೇ ಹೇಳಿದ. ಐಸಾಕನ ಗಂಡುಕುದುರೆ ಬಾಯಿ ಬಿರುಸಿನದು, ಲಗಾಮಿಗೆ ಬಗ್ಗುವುದಿಲ್ಲ. ಫಿರಂಗಿ ಸದ್ದಿಗೆ ಅದು ಎದ್ದು ಕುಣಿಯುತ್ತಿತ್ತು, ಐಸಾಕ್ ಬೆವರುತ್ತಿದ್ದ. ಕಹಳೆಗೆ ಐದು ನಿಮಿಷವಿರುವಾಗ ಸೈಲಸ್, “ಇಳಿಯೋ, ನನ್ನ ಪಾಲಿ ಹತ್ತು. ಅವಳು ತೊಟ್ಟಿಲು ಇದ್ದಂಗೆ” ಎಂದು ಅದಲು ಬದಲು ಮಾಡಿಕೊಂಡ. ನಿಯಮಕ್ಕೆ ವಿರುದ್ಧ, ಅದಕ್ಕೇ ಯಾರಿಗೂ ಹೇಳಲಿಲ್ಲ. ಆ ಬಿರುಸು ಕುದುರೆ ಅವನನ್ನು ಎಳೆದುಕೊಂಡು ಹೋಗಿ ಸೀದಾ ರಷ್ಯನ್ನರ ಮಧ್ಯೆ ಬಿಟ್ಟಿತು.

“ಪಾಲಿ ನನಗಿಂತ ಚೆನ್ನಾಗಿ ಕರ್ಕೊಂಡು ಬಂದಿರ್ತಾಳೆ ಅಂದ್ಕೊಂಡಿದ್ದೆ” ಎಂದ ಸೈಲಸ್.

ನಾನು ಆ ತಾಯಿಯ ಮುಖ ನೋಡಲಾರದೆ ಅವಳ ಕೈಯಲ್ಲಿದ್ದ ಬೂಟು ನೋಡುತ್ತಿದ್ದೆ. ನನ್ನ ಸಂತೋಷ ಎಲ್ಲಿ ಹೋಯಿತೋ. “ನೀನು ಮನೆಗೆ ನಡಿಯಮ್ಮ. ವಿಚಾರಿಸ್ಕೊಂಡು ಸಂಜೆ ಬಂದು ಹೇಳ್ತೀನಿ” ಎಂದೆ. ನನ್ನ ಹೇಡಿತನಕ್ಕೆ ಧಿಕ್ಕಾರವಿರಲಿ. ಅವಳು ಇನ್ನೊಮ್ಮೆ ಹಡಗಿನ ಕಡೆ ನೋಡಿ ಹೋದಳು.

ಬ್ಯಾರಕ್ಕಿಗೆ ಮೂರು ಮೈಲಿ. ಸೈಲಸ್ ದಾರಿಯುದ್ದಕ್ಕೂ ಹರಟಿದ. ರಷ್ಯಾದ ಕಪ್ಪು ರೊಟ್ಟಿ, ಮೈ ಬೇಯಿಸುವ ಸ್ನಾನದ ಮನೆ, ಹೇನು. ಆಮೇಲೆ, “ಕೆಜಿಯಾ ಹೆಂಗವ್ಳೆ?” ಎಂದ. ನಾನು ನಿಂತೆ. ನಡೆಯುತ್ತ ಹೇಳುವ ಮಾತಲ್ಲ ಅದು. ನಿಂತು ಹೇಳಿದೆ. ಆರು ತಿಂಗಳ ವಿಷಯವನ್ನೂ ಹೇಳಿದೆ.

ಅವನು ಮೈಲಿಗಲ್ಲಿನ ಮೇಲೆ ಕುಸಿದು ಕೂತ. ಕೊನೆಗೆ, “ನಾನು ಸತ್ತೆ ಅಂತ ಯಾರು ಹೇಳಿದ್ದು?” ಎಂದು ಕೇಳಿದ.

“ನಾನು. ಗೊರಸು ನೋಡಿ ಹೇಳ್ದೆ. ಪಾಲಿ ಅಡಿಯಲ್ಲಿ ಒಬ್ಬ ಇದ್ದ.”

“ಮೂವತ್ತೊಂದು” ಎಂದ. “ನಿನ್ನ ಜಾಗದಲ್ಲಿ ನಾನಿದ್ರೂ ಅದ್ನೇ ಹೇಳ್ತಿದ್ದೆ.” ಮತ್ತೆ ಕೇಳಿದ. “ಅವಳಿಗೆ ಏನ್ ಹೇಳ್ದೆ? ಅವಳ ಹೆಸರು ಹೇಳ್ಕೊಂಡು ಸತ್ತೆ ಅಂತ ತಾನೆ?”

ಹೌದೆಂದೆ. ಅವನು ನಗಲು ಹೋಗಿ ಮುಖ ಮುಚ್ಚಿಕೊಂಡ. “ಆ ಕಾರ್ಪೊರಲ್ ಸತ್ತಾಗ ನಾನೂ ಅವಳಿಗೆ ಅದ್ನೇ ಹೇಳಿದ್ದೆ ಕಣೋ. ಆ ಮನುಷ್ಯ ನೀರು, ನೀರು ಅಂತ ಬಿಟ್ರೆ ಏನೂ ಹೇಳಿರ್ಲಿಲ್ಲ.”

ಅವನು ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಬೂಟು ಹಿಡಿದ ಕೈಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಬ್ಯಾರಕ್ಕಿನಲ್ಲಿ ಕಂಬಳಿಯ ಹೊರಗೆ ನಿಂತು ಅವನು, “ಕೆಜಿ” ಎಂದ. ಒಳಗೆ ಏನೋ ಉರುಳಿ ಬಿದ್ದ ಸದ್ದು. ಕಂಬಳಿ ಸರಿಯಿತು. ಅವಳ ಒಂದು ಕೈಯಲ್ಲಿ ಚಾಕು, ಕಾಲ ಬಳಿ ಆಲೂಗೆಡ್ಡೆಗಳು. ಇಸ್ಪೀಟು ಆಡುತ್ತಿದ್ದವರು ಎಲೆ ಕೆಳಗಿಟ್ಟರು, ಒಬ್ಬನೂ ಕೆಮ್ಮಲಿಲ್ಲ. ಅವಳು ಸೈಲಸನ ಗಡ್ಡ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನನ್ನ ಹೆಸರು ಹೇಳ್ಕೊಂಡು ಸತ್ತ ಅಂದ್ಯಲ್ಲೋ! ಬೈಬಲ್ ಮುಟ್ದೆ. ಕಣ್ಣು ಮುಚ್ಚಿದ್ದು ನಾನೇ ಅಂದೆ!”

“ಬಿಡು ಕೆಜಿ” ಎಂದ ಸೈಲಸ್. “ಎಲ್ಲಾರೂ ಹೇಳೋ ಸುಳ್ಳು ಅದು. ನಿನಗೆ ನೋವಾಗ್ದಿರ್ಲಿ ಅಂತ.”

“ನನಗೆ ಎಷ್ಟು ನೋವಾಗ್ಬೇಕು ಅನ್ನೋದನ್ನ ನೀವ್ಯಾಕ್ರೋ ನಿರ್ಧಾರ ಮಾಡ್ತೀರಿ?” ಎಂದು ಕಿರುಚಿದಳು.

ಕ್ಯಾಪ್ಟನ್ ಸಾಹೇಬ ನಮ್ಮ ಮೂವರನ್ನೂ ಕಚೇರಿಗೆ ಕರೆಸಿದ. ಅಲ್ಲಿಗೆ ನಡೆಯುತ್ತ ಸೈಲಸ್ ಅವಳಿಗೆ ಕುದುರೆ ಬದಲಾದ ಕತೆಯನ್ನೂ ಐಸಾಕನ ತಾಯಿಯ ವಿಷಯವನ್ನೂ ಹೇಳಿದ. ಮೊದಲ ಗಂಡ ಬದುಕಿದ್ದಾನೆ, ಎರಡನೆಯ ಮದುವೆ ಮದುವೆಯೇ ಅಲ್ಲ, ಹೆಂಗಸು ಬ್ರಾಕ್‌ನದು, ನಡೆಯಿರಿ ಎಂದ. ಕಳೆದುಹೋದ ಕುದುರೆಯ ಜೀನು ಸಿಕ್ಕಿದ ಹಾಗೆ ಹೇಳಿಬಿಟ್ಟ. ಹೊರಗೆ ಬಂದ ಮೇಲೆ ಸೈಲಸ್ ಟೋಪಿ ತಿರುವುತ್ತ ಅವಳಿಗೆ ಹೇಳಿದ. “ಸಾಹೇಬ್ರು ಹೇಳಿದ್ದು ಬಿಡು. ಹೊಟ್ಟೇಲಿರೋದು ಅವನದು. ಅವನೇನು ಕಳ್ಳನಲ್ಲ. ನಾನು ಸತ್ತೆ ಅಂತ ತಿಳ್ಕೊಂಡು, ನಿನ್ನ ಬೀದಿಗೆ ಬಿಡ್ದೆ ನೋಡ್ಕೊಂಡ. ನೀನು ಇವನ ಹತ್ರಾನೇ ಇರ್ತೀನಿ ಅಂದ್ರೆ ನಾನು ಬೇರೆ ಪಡೆಗೆ ಬರೆಸ್ಕೊಂಡು ಹೋಗ್ತೀನಿ. ನಿನ್ನ ಮೇಲೆ ಕೋಪ ಇಲ್ಲ.”

ಕೆಜಿಯಾ ಇಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದಳು. ಅವಳ ಕಣ್ಣು ಕೊನೆಗೆ ನನ್ನ ಮೇಲೆ ನಿಂತಿತು. ಕೋಪವಿತ್ತು, ಆದರೆ ಬಾಗಿಲು ಮುಚ್ಚಿದ ಕಣ್ಣಲ್ಲ ಅದು.

“ನಾನು ಎಲ್ಲಿರ್ತೀನಿ ಅಂತ ಆಮೇಲೆ ಹೇಳ್ತೀನಿ. ಮೊದ್ಲು ಆ ತಾಯಿಗೆ ಹೇಳ್ಬೇಕು. ಆಯಮ್ಮ ಬೂಟು ಹಿಡ್ಕೊಂಡು ಕೂತಿರ್ತಾಳೆ. ನಡೀರಿ, ಮೂರು ಜನಾನೂ ಹೋಗೋಣ” ಎಂದಳು.

ಸಂಜೆಗೆ ಮುಂಚೆಯೇ ಹೋದೆವು. ಒಂದೇ ಕೋಣೆಯ ಮನೆ. ಅರ್ಧ ಜಾಗ ಉರುಳೆ ಯಂತ್ರಕ್ಕೆ, ಉಳಿದ ಅರ್ಧದಲ್ಲಿ ಒಂದು ಮಂಚ, ಒಂದು ಒಲೆ. ನಾವು ಮೂವರೂ ಬಾಗಿಲಲ್ಲಿ ನಿಂತದ್ದು ನೋಡಿಯೇ ಆಕೆಗೆ ತಿಳಿಯಿತು. ಅಳಲಿಲ್ಲ. ಕೈಯಲ್ಲಿದ್ದ ಒದ್ದೆ ಹಾಸಿಗೆ ಬಟ್ಟೆಯನ್ನು ಮಡಿಸಿ ಬುಟ್ಟಿಗೆ ಹಾಕಿ, “ಕೂತ್ಕೊಳ್ಳಿ” ಎಂದಳು. ಸೈಲಸ್ ಕುದುರೆ ಬದಲಾಯಿಸಿದ್ದನ್ನು ಇನ್ನೊಮ್ಮೆ ಹೇಳಿದ, ಪಾಲಿಯ ಗೊರಸು ನಾನು ತಂದದ್ದನ್ನೂ ಹೇಳಿದ. ಹೇಳುತ್ತ ಅವನೇ ಅತ್ತ. “ನನ್ನಿಂದಾನೇ ಆಗಿದ್ದು ಅಮ್ಮ. ಒಳ್ಳೇದು ಮಾಡಕ್ಕೆ ಹೋದೆ” ಎಂದ. ಆಕೆ ಅವನ ಬೆನ್ನು ತಟ್ಟಿದಳು. ಆಮೇಲೆ ನನ್ನ ಕಡೆ ನೋಡಿದಳು.

“ಆ ಕುದುರೆ ಹತ್ರ ಹೋಗಿದ್ದು ನೀನು. ಅವನನ್ನ ನೋಡ್ದೆ, ಅಲ್ವಾ?”

“ಹೂಂ ಅಮ್ಮ.”

“ಹಂಗಾದ್ರೆ ಹೇಳು. ಆದ್ರೆ ಒಂದ್ ಮಾತು ಕೇಳು. ಹದಿನೈದು ವರ್ಷದಿಂದ ಈ ಬ್ಯಾರಕ್ಕಿನ ಬಟ್ಟೆ ಹಿಂಡ್ತಿದೀನಿ. ವಿಧವೆ ಆದೋರೆಲ್ಲ ಈ ಮಂಚದ ಮೇಲೇ ಕೂತು ಅತ್ತವ್ರೆ. ಎಲ್ಲಾರ ಗಂಡಂದಿರೂ ಒಂದೇ ಥರ ಸತ್ತವ್ರೆ. ನೋವಿಲ್ದೆ, ಗೆಳೆಯನ ತೊಡೆ ಮೇಲೆ, ಹೆಂಡ್ತಿ ಹೆಸರು ಹೇಳ್ಕೊಂಡು. ಅದನ್ನ ನನಗೆ ಹೇಳ್ಬೇಡ. ನನ್ನ ಮಗನದು ಯಾವುದೋ ಅದನ್ನ ಹೇಳು.”

ಒಂದೇ ಒಂದು ಮಾತು ಸಾಕಿತ್ತು. ‘ನಾನು ಹೋಗುವ ಹೊತ್ತಿಗೆ ಸತ್ತಿದ್ದ’ ಎಂದರೆ ಮುಗಿಯಿತು. ಆಕೆ ನಂಬುತ್ತಿದ್ದಳು. ಸೈಲಸ್ ಬೇರೆ ಪಡೆಗೆ ಹೋಗುತ್ತಿದ್ದ. ಕೆಜಿಯಾ ನಾಲ್ಕು ದಿನ ಮುನಿಸಿಕೊಂಡು, ಐದನೇ ದಿನ ಕಂಬಳಿಯ ಒಳಗೆ ನನ್ನ ಕಡೆ ತಿರುಗುತ್ತಿದ್ದಳು. ನಾನು ಕೆಜಿಯಾಳ ಮುಖ ನೋಡಿದೆ. ಅವಳು ಹೇಳು ಎಂಬ ಹಾಗೆ ತಲೆ ಆಡಿಸಿದಳು. ನನ್ನ ಮೇಲೆ ಅವಳಿಗೆ ಇನ್ನೂ ಅಷ್ಟು ನಂಬಿಕೆ ಇತ್ತು.

ಆ ನಂಬಿಕೆಯ ಮುಂದೆ ಇನ್ನೊಂದು ಸುಳ್ಳು ಬಾಯಿಂದ ಹೊರಡಲಿಲ್ಲ.

“ಮುಖ ನಾನು ನೋಡ್ಲಿಲ್ಲ ಅಮ್ಮ” ಎಂದೆ. “ಕೆಸರಲ್ಲಿತ್ತು. ಕುದುರೆ ಮೈಮೇಲೆ ಬಿದ್ದಿತ್ತು. ಜೀವ ಇತ್ತು. ನಾನು ಗೊರಸು ಕಡೀತಾ ಇದ್ದಾಗ ನನ್ನ ಬೂಟು ಹಿಡ್ಕೊಂಡ. ಮೇಲಿಂದ ಗುಂಡು ಬಿತ್ತು. ನಾನು ಕಾಲು ಬಿಡಿಸ್ಕೊಂಡು ಓಡಿ ಬಂದೆ. ಮತ್ತೆ ಹೋಗ್ಲಿಲ್ಲ. ಯಾರಿಗೂ ಹೇಳ್ಲೂ ಇಲ್ಲ.”

ಸೈಲಸ್ ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ.

ಆ ತಾಯಿ ಮೆಲ್ಲಗೆ ಕೇಳಿದಳು. “ಹಂಗಾದ್ರೆ ಯಾರೋ ಬಂದ್ರು ಅಂತ ಅವನಿಗೆ ಗೊತ್ತಾಗಿತ್ತು?”

“ಹೂಂ.”

“ಹೋದ್ರು ಅಂತಾನೂ ಗೊತ್ತಾಗಿತ್ತು.”

ಆಕೆ ಯಂತ್ರದ ಹಿಡಿಕೆಗೆ ಕೈ ಕೊಟ್ಟು ನಿಂತುಕೊಂಡಳು.

ಕೆಜಿಯಾ ಎದ್ದು ನಿಂತಿದ್ದಳು. ಒಂದೊಂದೇ ಮಾತನ್ನು ಹುಡುಕಿ ತೆಗೆಯುವವಳ ಹಾಗೆ ಕೇಳಿದಳು. “ಅದು ಐಸಾಕ್ ಅಂತ ನಿನಗೆ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ.”

“ಹೌದು.”

“ಅಲ್ಲೀವರೆಗೂ ಅದು ಯಾರ ಕೈ ಅಂದ್ಕೊಂಡಿದ್ದೆ?”

ಸುಳ್ಳು ಹೇಳಲು ಅಲ್ಲಿ ಜಾಗವೇ ಇರಲಿಲ್ಲ. “ಸೈಲಸಂದು” ಎಂದೆ.

ಸೈಲಸ್ ಏನಾದರೂ ಹೇಳುತ್ತಾನೆಂದು ಕಾದೆ. ಬೆಳಿಗ್ಗೆಯಿಂದ ಎಲ್ಲದಕ್ಕೂ ನನ್ನ ಪರ ಮಾತಾಡಿದ್ದವನು ಅವನು. ಅವನು ತನ್ನ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಅವುಗಳನ್ನೇ ನೋಡುತ್ತಿದ್ದ.

“ಬಾ ಕೆಜಿಯಾ” ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. ಅವಳು ಹೋಗಿ ಮುದುಕಿಯ ಮಂಚದ ಮೇಲೆ ಕೂತಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದಳು.

“ನನ್ನ ಬಟ್ಟೆ ಗಂಟು ಸೈಲಸ್ ಕೈಲಿ ಕೊಟ್ಟು ಕಳಿಸು” ಎಂದಳು.

ನಾನು ಹೊರಗೆ ಬಂದೆ. ಬ್ಯಾರಕ್ಕಿನ ದಾರಿ ಹಿಡಿದೆ. ಸೈಲಸ್ ಗಂಟು ತರಲು ಬರಲೇಬೇಕಿತ್ತು, ಬಂದ. ಆದರೆ ನನ್ನ ಜೊತೆ ನಡೆಯಲಿಲ್ಲ. ನಾನು ಎರಡು ಸಲ ನಿಂತು ತಿರುಗಿ ನೋಡಿದೆ. ನಿಂತಾಗಲೆಲ್ಲ ಅವನೂ ನೂರು ಹೆಜ್ಜೆ ಹಿಂದೆ ನಿಂತುಕೊಳ್ಳುತ್ತಿದ್ದ.